ಹಳಿಗಳ ಸಂಧಿಯೂ ಛಾಯಾಚಿತ್ರದ ಅರ್ಥವೂ

ಚಿತ್ರವು ಕಣ್ಣಿಗೆ ಹಿತವಾದ ಮಾತ್ರಕ್ಕೆ ಉತ್ತಮವೆನಿಸಲಾರದು. ಕಾವ್ಯದಲ್ಲಿ ಶಬ್ದದ ಝಣತ್ಕಾರವು ಅರ್ಥವನ್ನು ಮುಚ್ಚಿದರೆ ಹೇಗೆ ದೋಷವೋ, ಛಾಯಾಚಿತ್ರದಲ್ಲಿ ಬೆಳಕಿನ ಥಳುಕು ವಸ್ತುವನ್ನು ಮುಚ್ಚಿದರೆ ಹಾಗೆಯೇ ದೋಷವು. ಈ ಮಾತಿಗೆ ರೈಲುಹಳಿಗಳು ಕೂಡುವ ಸ್ಥಾನಗಳ ಚಿತ್ರಗಳು ಒಳ್ಳೆಯ ನಿದರ್ಶನಗಳು. ಈಗ ಕೈಕೈಯಲ್ಲಿಯೂ ಛಾಯಾಯಂತ್ರವುಂಟು. ಸಂಜೆಯ ಬಿಸಿಲಿಗೆ ಹೊಳೆಯುವ ಹಳಿಗಳ ಚಿತ್ರಗಳು ಮನೆಮನೆಗೂ ಬರುತ್ತಿರುವವು. ಅವುಗಳಲ್ಲಿ ಚೆಲುವಾದವು ಬಹಳ. ಓದಿ ತಿಳಿಯಲು ಬರುವಂಥವು ಕೆಲವೇ.

ಮೊದಲು ವಸ್ತುಭೇದವನ್ನು ಅರಿಯಬೇಕು. ಎರಡು ಮಾರ್ಗಗಳು ಒಂದನ್ನೊಂದು ಕತ್ತರಿಸಿ ಹೋಗುವ ಸ್ಥಾನಕ್ಕೆ ‘ಡೈಮಂಡ್ ಕ್ರಾಸಿಂಗ್’ ಎನ್ನುವರು. ಬರಿಯ ಡೈಮಂಡಿನಲ್ಲಿ ಗಾಡಿಯು ತನ್ನ ಮಾರ್ಗವನ್ನು ಬಿಟ್ಟು ಇನ್ನೊಂದಕ್ಕೆ ಹೊರಳಲಾರದು. ಪಕ್ಕಪಕ್ಕದ ಎರಡು ಮಾರ್ಗಗಳನ್ನು ಓರೆಯಾದ ಹಳಿದಾರಿಯು ಕೂಡಿಸಿದರೆ ಅದು ‘ಕ್ರಾಸೋವರ್’. ಅಲ್ಲಿ ಗಾಡಿಯು ಒಂದರಿಂದ ಮತ್ತೊಂದಕ್ಕೆ ಹಾಯುವದು. ಇಂಥ ಎರಡು ಓರೆದಾರಿಗಳು ಒಂದನ್ನೊಂದು ಹಾಯ್ದರೆ ಕತ್ತರಿಯಾಕಾರದ ‘ಸಿಸರ್ಸ್ ಕ್ರಾಸೋವರ್’ ಆಗುವದು. ಅದರ ನಡುವೆ ಡೈಮಂಡ್ ಇದ್ದೇ ಇರುವದು. ಹಳಿಯನ್ನು ರಸ್ತೆಯು ದಾಟುವಲ್ಲಿ ಗೇಟು. ವ್ಯಾಕರಣದ ಮಾತಿನಲ್ಲಿ ಹೇಳುವದಾದರೆ, ಡೈಮಂಡಿನಲ್ಲಿರುವದು ಪದಗಳ ಸಾಮೀಪ್ಯ ಮಾತ್ರ. ಕ್ರಾಸೋವರಿನಲ್ಲಿರುವದು ನಿಜವಾದ ಸಂಧಿ. ಎರಡನ್ನೂ ಒಂದೇ ರೀತಿಯಾಗಿ ಹೊಳೆಯಿಸಿ ತೋರುವ ಚಿತ್ರಕಾರನು ಯಮಕವನ್ನು ಶ್ಲೇಷವೆಂದು ಕರೆದವನಂತೆ.

ಕ್ರಾಸೋವರಿನ ಜೀವಸ್ಥಾನವು ನಾಲಿಗೆಹಳಿ. ತುದಿಯಲ್ಲಿ ತೆಳುವಾದ ಈ ಜೋಡಿಯಲ್ಲಿ ಒಂದು ಪಕ್ಕದ ಹಳಿಗೆ ಅಂಟಿರುವದು. ಇನ್ನೊಂದು ಕೆಲವೇ ಅಂಗುಲ ಬಿಟ್ಟು ನಿಂತಿರುವದು. ಆ ಅಂಗುಲಗಳ ಅಂತರವೇ ಬರಲಿರುವ ಗಾಡಿಯ ದಾರಿಯನ್ನು ನಿಶ್ಚಯಿಸುವದು. ಹಿಂದೆ ಸನ್ನೆಕೋಲಿನಿಂದ ತಿರುಗಿಸುತ್ತಿದ್ದ ಆ ನಾಲಿಗೆಯನ್ನು ಇಂದು ಬಹುಕಡೆ ವಿದ್ಯುದ್ಯಂತ್ರವು ತಿರುಗಿಸುವದು. ಅರ್ಥ ಮಾತ್ರ ಬದಲಾಗಿಲ್ಲ. ನಾಲಿಗೆಯನ್ನು ಚೌಕಟ್ಟಿನ ಹೊರಗೆ ಬಿಟ್ಟ ಚಿತ್ರವು ಕ್ರಿಯಾಪದವಿಲ್ಲದ ವಾಕ್ಯ. ವಿಶೇಷಣಗಳೆಲ್ಲ ಇವೆ, ಏನು ನಡೆಯಿತೆಂಬುದೇ ಇಲ್ಲ.

ಇನ್ನೊಂದು ದೋಷವು ನೀಳಮಸೂರದಿಂದ ಬರುವದು. ನಮ್ಮ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿರುವ ‘ಒಂದಕ್ಕೆ ಹನ್ನೆರಡು’ ಅಳತೆಯ ಕ್ರಾಸಿಂಗಿನಲ್ಲಿ ಹಳಿಗಳು ಹನ್ನೆರಡು ಅಡಿ ಮುಂದೆ ಸಾಗುವಷ್ಟರಲ್ಲಿ ಒಂದೇ ಅಡಿ ಅಗಲುವವು. ಕೋನವು 5 ಅಂಶವೂ ಆಗದು. ಬಹುದೂರ ನಿಂತು ನೀಳಮಸೂರದಿಂದ ನೋಡಿದರೆ ದೂರವೆಲ್ಲ ಮಡಚಿದಂತಾಗಿ, ಆ ಮೆಲ್ಲನೆಯ ಓರೆಯು ಹಾವಿನ ಸುರುಳಿಯಂತೆ ಕಾಣುವದು. ಇದು ಅತಿಶಯೋಕ್ತಿ. ಅತಿಶಯೋಕ್ತಿಯು ಅಲಂಕಾರವೇ ಹೊರತು ದೋಷವಲ್ಲವೆಂದು ಕೆಲವರು ಹೇಳಬಹುದು. ನಿಜ; ಆದರೆ ಅದು ವರ್ಣ್ಯವಸ್ತುವನ್ನು ಹೆಚ್ಚಿಸಬೇಕು, ನುಂಗಬಾರದು. ಯಾವ ಹಳಿ ಎಲ್ಲಿಗೆ ಹೋಯಿತೆಂದು ಕಣ್ಣು ಹಿಂಬಾಲಿಸಲಾರದಿದ್ದರೆ ಅಲಂಕಾರವು ವಸ್ತುವನ್ನು ನುಂಗಿದಂತೆಯೇ. ಇದಕ್ಕೆ ಪ್ರತಿಯಾಗಿ, ನಿಲ್ದಾಣದ ಮೇಲ್ಸೇತುವೆಯಿಂದ ತೆಗೆದ ಸಾದಾ ಚಿತ್ರದಲ್ಲಿ ಥಳುಕು ಕಡಿಮೆ, ಅನ್ವಯ ಸ್ಪಷ್ಟ.

ರೇಖೆಗಳ ಸೌಂದರ್ಯವೇ ಸಾಕು, ಅರ್ಥವೇಕೆ ಎಂಬ ಪೂರ್ವಪಕ್ಷವೂ ಉಂಟು. ಅಮೇರಿಕೆಯ ಆಲ್ಫ್ರೆಡ್ ಸ್ಟೀಗ್ಲಿಟ್ಸ್ ಎಂಬಾತನು 1902ರಲ್ಲಿ ತೆಗೆದ ಪ್ರಸಿದ್ಧ ಚಿತ್ರವನ್ನು ಇಲ್ಲಿ ನೆನೆಯಬೇಕು. ಹೊಗೆಯುಗುಳುತ್ತ ಬರುವ ಕಪ್ಪು ಉಗಿಬಂಡಿ, ಅದರ ಮುಂದೆ ಬಾಗಿ ಹೊಳೆಯುವ ಹಳಿಗಳು. ಇಷ್ಟೇ ಅದರ ಸಾಮಗ್ರಿ. ಆತನು ಅದಕ್ಕಿಟ್ಟ ಹೆಸರು ‘ಮಾನವನ ಹಸ್ತ’. ಮನುಷ್ಯನು ಮುಖ್ಯವಾಗಿ ಕಾಣದ ಚಿತ್ರಕ್ಕೆ ಆ ಹೆಸರು! ಹಳಿಯ ಹೊಳಪು ಅಲ್ಲಿ ವಾಚ್ಯ, ಅದನ್ನು ಹಾಸಿದ ಕೈ ಧ್ವನಿ. ರೇಖೆಯ ಚೆಲುವನ್ನು ಕಂಡವನೇ ಅರ್ಥವನ್ನೂ ಬಿಡಲಿಲ್ಲ.

ಈ ವಿಚಾರವು ಯಾದಗಿರಿಯ ಸೀಮೆಗೆ ದೂರದ್ದಲ್ಲ. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಬಂದ ಮಾರ್ಗವೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ಮಾರ್ಗವು ತೆರೆಯಿತು. ಆ ಎರಡು ಸಂಧಿಗಳ ನಡುವಿನ ಊರು ಯಾದಗಿರಿ. ಶಹಾಪುರ, ಸುರಪುರಗಳವರು ತಲೆಮಾರುಗಳಿಂದ ಇಲ್ಲಿಗೆ ಬಂದು ಗಾಡಿ ಹಿಡಿದವರು. ಗದಗ–ವಾಡಿ ಹೊಸ ಮಾರ್ಗವು ಆ ತಾಲೂಕುಗಳನ್ನೂ ಹಾಯುವಂತೆ ಯೋಜಿತವಾಗಿದೆ. ಮಳೆ ಹೋದ ವರ್ಷ ಗುಳೆ ಹೊರಟ ಸಂಸಾರಕ್ಕೆ ಒಂದು ಹಳಿ ಮುಂಬಯಿ, ಇನ್ನೊಂದು ಬೆಂಗಳೂರು. ದಾರಿಯು ಹೊರಳುವ ಸ್ಥಾನವು ಇಲ್ಲಿ ಬರಿಯ ಕಬ್ಬಿಣವಲ್ಲ. ಹಾಗೆಂದು ಗಂಟು ಹೊತ್ತವರನ್ನು ಕರುಣರಸಕ್ಕಾಗಿ ಹಳಿಯ ಮುಂದೆ ತಂದು ನಿಲ್ಲಿಸುವದೂ ಸಲ್ಲದು. ಧ್ವನಿಯನ್ನು ಕೂಗಿ ಹೇಳಿದರೆ ಅದು ಧ್ವನಿಯಲ್ಲ. ಸುರಪುರದ ಗರುಡಾದ್ರಿ ಮನೆತನದವರ ಸೂಕ್ಷ್ಮಚಿತ್ರಗಳನ್ನು ಕಂಡವರು ಬಲ್ಲರು: ರೇಖೆಯು ತನ್ನ ಕೆಲಸವನ್ನು ತಾನು ಮಾಡಿದರೆ ಕೂಗು ಬೇಕಿಲ್ಲ.

ಕಡೆಯದು ಔಚಿತ್ಯ. ಕ್ಷೇಮೇಂದ್ರನು ಅದನ್ನು ಕಾವ್ಯದ ಜೀವಿತವೆಂದನು; ಇಲ್ಲಿ ಅದು ಜೀವದ ಮಾತೇ ಆಗಿರುವದು. ಹಳಿಗಳ ನಡುವೆ ನಿಂತು ತೆಗೆದ ಚಿತ್ರವನ್ನು ಸಾಹಸವೆಂದು ಹೊಗಳುವ ಚಾಳಿಯು ಬೆಳೆದಿದೆ. ಅನುಮತಿಯಿಲ್ಲದೆ ಹಳಿಗಿಳಿಯುವದು 1989ರ ರೈಲ್ವೆ ಕಾನೂನಿನ 147ನೆಯ ಕಲಮಿನಂತೆ ಅಪರಾಧ. ಅದಕ್ಕಿಂತ ಹೆಚ್ಚಾಗಿ, ಗಾಡಿಯು ಯಾವ ಹಳಿಗೆ ಹೊರಳುವದೆಂದು ಅಲ್ಲಿ ನಿಂತವನು ಅರಿಯನು. ನಾಲಿಗೆಯನ್ನು ಓದಲಾರದವನು ಪ್ರಾಣ ಕಳೆದುಕೊಂಡಾನು. ಓದಬಲ್ಲವನು ಅಲ್ಲಿ ನಿಲ್ಲುವದೇ ಇಲ್ಲ. ಪ್ಲಾಟ್‌ಫಾರ್ಮು, ಮೇಲ್ಸೇತುವೆ, ಗೇಟಿನ ಹೊರಬದಿ. ಇಷ್ಟು ಸ್ಥಾನಗಳು ನಿಜವಾದ ಚಿತ್ರಕಾರನಿಗೆ ಧಾರಾಳವಾಗಿ ಸಾಕು.