ಐವತ್ತೊಂಬತ್ತರ ಚಟ

ಈ ವಾರ ಮೆಡಿಕಲ್ ಕೋಡಿಂಗಿನ ಮಾಡಿಫಯರ್ 51ರ ಬಗ್ಗೆ ಬರೆಯುತ್ತೇನೆಂದು ಮಾತು ಕೊಟ್ಟಿದ್ದೆ. ಉಳಿಸಿಕೊಳ್ಳುತ್ತೇನೆ, ಆದರೆ ಒಂದೇ ಪ್ಯಾರಾದಲ್ಲಿ. ಒಬ್ಬರೇ ಸರ್ಜನ್ ಒಂದೇ ಸಲಕ್ಕೆ ಎರಡು ಮೂರು ಆಪರೇಷನ್ ಮಾಡಿದರೆ ಆರ್‌ವಿಯು (ದರ ನಿರ್ಧರಿಸುವ ಅಂಕ) ಹೆಚ್ಚಿರುವ ಕೋಡು ಮೊದಲ ಸಾಲಿಗೆ, ಉಳಿದವುಗಳ ಬಾಲಕ್ಕೆ 51. ಆ್ಯಡ್-ಆನ್ ಕೋಡುಗಳಿಗೆ ಬೇಡ. ಅಮೆರಿಕದ ಸರ್ಕಾರಿ ವಿಮೆಯಾದ ಮೆಡಿಕೇರ್ ಮೊದಲನೆಯದಕ್ಕೆ ಪೂರ್ತಿ, ಎರಡರಿಂದ ಐದನೆಯವರೆಗೆ ಅರ್ಧರ್ಧ ಕೊಡುತ್ತದೆ. ರೋಗಿಯನ್ನು ಸಜ್ಜುಗೊಳಿಸುವುದು, ಆಮೇಲೆ ನೋಡಿಕೊಳ್ಳುವುದು ಎರಡೆರಡು ಬಾರಿ ನಡೆಯುವುದಿಲ್ಲವಲ್ಲ. ನಾವು 51 ಹಾಕದಿದ್ದರೂ ಅವರ ಸಿಸ್ಟಮ್ಮೇ ಕತ್ತರಿಸಿಕೊಳ್ಳುತ್ತದೆ. ಮುಗಿಯಿತು.

ನನ್ನ ಹಳೇ ಜಗಳ ಇನ್ನೊಂದು ಮಾಡಿಫಯರ್ ಆದ 59ರ ಪಂಥದವರ ಜೊತೆ. ಕಲ್ಯಾಣ, ಡೊಂಬಿವಲಿಯಿಂದ ಥಾಣೆಗೆ ಬಂದು, ಟ್ರಾನ್ಸ್‌ಹಾರ್ಬರ್ ಗಾಡಿ ಹತ್ತಿ ಐರೋಲಿಗೆ ಹೋಗುವ ಹೊಸ ಕೋಡರುಗಳಿಗೆ ಹಿರಿಯರು ಕೊಡುವ ಮೊದಲ ಉಪದೇಶವೇ ಇದು: ಎಡಿಟ್ (ಬಿಲ್ ತಡೆಯುವ ತಪಾಸಣೆ) ಬಿತ್ತಾ? 59 ಹಾಕು, ಪಾಸಾಗುತ್ತೆ. ಪಾಸಾಗುತ್ತೆ ಮಾರಾಯ್ರೆ, ಆಡಿಟ್ ಬರುವ ತನಕ! 51 ಬರೀ ದರದ ಲೆಕ್ಕ. 59 ಹಾಗಲ್ಲ, ಈ ಎರಡು ಕೆಲಸಗಳು ಒಂದರೊಳಗೊಂದು ಸೇರಿದ್ದಲ್ಲ ಎಂದು ಕೊಡುವ ಹೇಳಿಕೆ. ಅದಕ್ಕೆ ಆಪರೇಷನ್ ನೋಟಿನಲ್ಲಿ ಸಾಕ್ಷಿ ಬೇಕು.

ಕೊಲೊನೊಸ್ಕೋಪಿಯನ್ನೇ ನೋಡಿ. ಒಂದು ಪಾಲಿಪನ್ನು ಸ್ನೇರಿನಿಂದ ತೆಗೆದು (45385), ಬೇರೊಂದು ಜಾಗದ ಗಂಟಿನಿಂದ ಬಯಾಪ್ಸಿ ಮಾಡಿದ್ದರೆ (45380) 59 ನ್ಯಾಯ. ಅದೇ ಪಾಲಿಪಿನ ಬಯಾಪ್ಸಿಯಾದರೆ 45385 ಒಂದೇ. ಇಲ್ಲಿ ಅರ್ಧದ ಲೆಕ್ಕವೂ ನಡೆಯದು: ಎರಡನೆಯದರ ದರದಲ್ಲಿ ಮೂಲ ಕೊಲೊನೊಸ್ಕೋಪಿಯ (45378) ದರ ಕಳೆದು ಮಿಕ್ಕಷ್ಟೇ ಕೈಗೆ.

ಭುಜದಲ್ಲಿ ಎಡವುವವರು ಇನ್ನೂ ಹೆಚ್ಚು. ಎನ್‌ಸಿಸಿಐ (ಯಾವ ಕೋಡುಗಳನ್ನು ಒಟ್ಟಿಗೆ ಬಿಲ್ ಮಾಡಬಾರದೆಂಬ ಮೆಡಿಕೇರ್ ನಿಯಮಗಳು) ಕೈಪಿಡಿಯ ಪ್ರಕಾರ ಇಡೀ ಭುಜ ಒಂದೇ ಅಂಗ. ರೊಟೇಟರ್ ಕಫ್ ಹೊಲಿದು (29827) ಅದೇ ಭುಜದಲ್ಲಿ ಒಂದಿಷ್ಟು ಕೆರೆದು ತೆಗೆದರೆ (29822) ಅದಕ್ಕೆ ಬೇರೆ ಕಾಸಿಲ್ಲ. ವ್ಯಾಪಕವಾಗಿ ಕೆರೆದಿದ್ದರೆ (29823) ಮಾತ್ರ ವಿನಾಯಿತಿ. ಇನ್ನೊಂದು ಭುಜದ ಕೆಲಸವಾದರೆ? ಬಲ, ಎಡ ತೋರಿಸುವ ಆರ್‌ಟಿ, ಎಲ್‌ಟಿ ಮಾಡಿಫಯರುಗಳು ಇರುವಾಗ 59ಕ್ಕೆ ಅಲ್ಲೇನು ಕೆಲಸ?

ನನ್ನ ನಿತ್ಯಪಾರಾಯಣ ಸಿಪಿಟಿ (ಈ ಚಿಕಿತ್ಸಾ ಕೋಡುಗಳ) ಪುಸ್ತಕದ ಅಪೆಂಡಿಕ್ಸ್ ಎ. ಬೇರೆ ಯಾವ ಮಾಡಿಫಯರೂ ಹೊಂದದಿದ್ದಾಗ ಮಾತ್ರ 59 ಎಂಬ ತಾತ್ಪರ್ಯ ಅಲ್ಲೇ ಇದೆ. ಕೋಡಿಂಗ್ ಕ್ಲಾಸುಗಳು ಆ ಪುಟ ದಾಟಿ ಪರೀಕ್ಷೆಯ ಪ್ರಶ್ನೆಗಳಿಗೆ ಹಾರುತ್ತವೆ. ಈ ಚಟ ಕಂಡೇ ಮೆಡಿಕೇರ್ 2015ರ ಜನವರಿಯಲ್ಲಿ ಎಕ್ಸ್‌ಇ, ಎಕ್ಸ್‌ಎಸ್, ಎಕ್ಸ್‌ಪಿ, ಎಕ್ಸ್‌ಯು ತಂದಿತು: ಬೇರೆ ಭೇಟಿಯೇ, ಬೇರೆ ಅಂಗವೇ, ಬೇರೆ ವೈದ್ಯರೇ, ಮಾಮೂಲಿಗೆ ಹೊರತಾದ ಸೇವೆಯೇ, ಬಿಡಿಸಿ ಹೇಳಿ ಎಂದು. ನಮ್ಮವರು ಈಗಲೂ ಬಾಯಲ್ಲಿ ಎಕ್ಸ್‌ಎಸ್, ಬೆರಳಲ್ಲಿ 59.

ಅಮೆರಿಕ ಬಿಟ್ಟು ಮನೆಗೆ ಬನ್ನಿ. ಆಯುಷ್ಮಾನ್ ಭಾರತದಲ್ಲೂ ಒಂದೇ ಸಲಕ್ಕೆ ಹಲವು ಆಪರೇಷನ್ ಆದರೆ ಹೆಚ್ಚು ದರದ್ದಕ್ಕೆ ಪೂರ್ತಿ, ಎರಡನೆಯದಕ್ಕೆ ಅರ್ಧ, ಮೂರನೆಯದಕ್ಕೆ ಕಾಲು. ಆ ಕಾಲುಭಾಗ ನನಗೆ ಜಿಪುಣತನವೆನಿಸುತ್ತದೆ. ಮೂರನೆಯದಕ್ಕೆ ಬಂದಾಗ ಸರ್ಜನರ ಬೆವರು ಕಾಲುಭಾಗವೇನೂ ಆಗಿರುವುದಿಲ್ಲ.