ಹಿಂಬದಿಯ ಬಂಪರ್

ಮಂಗಳೂರು ಜಂಕ್ಷನ್ ರೈಲ್ವೆ ನಿಲ್ದಾಣಕ್ಕೆ ಸಮೀಪವಾದ ಪಡೀಲಿನಲ್ಲಿ, ಬೆಂಗಳೂರಿನತ್ತ ಸಾಗುವ ಹೆದ್ದಾರಿಯ ಅಂಚಿನ ಗ್ಯಾರೇಜೊಂದರಲ್ಲಿ, 1994ರಲ್ಲಿ ಮಾರುಕಟ್ಟೆಗೆ ಬಂದ, ವಾಹನ ತಯಾರಿಕಾ ಸಂಸ್ಥೆಯಾದ ಟೆಲ್ಕೋವನ್ನು ಬೆಳೆಸಿದ ಸುಮಂತ ಮೂಲಗಾಂವಕರರ ಹೆಸರು ಉಪನಾಮಗಳ ಆದ್ಯಕ್ಷರಗಳನ್ನು ಹೊತ್ತ ಟಾಟಾ ಸುಮೋ ವಾಹನದ ಹಿಂಬದಿಯ ಬಂಪರನ್ನು ಬದಲಿಸುವ ಕಾರ್ಯವನ್ನು ನೋಡುವ ಸುಯೋಗ ನನಗೊದಗಿತು.

ಕಡಲ ಗಾಳಿಯ ಲವಣಾಂಶವೂ ಕರಾವಳಿಯ ದೀರ್ಘ ಮಳೆಗಾಲವೂ ಕೂಡಿ ಉಕ್ಕಿಗೆ ಮಾಡುವ ಅಪಕಾರವು, ಚಕ್ರಗಳೆರಚುವ ಕೆಸರು ನಿತ್ಯವೂ ಬಡಿಯುವ ಬಂಪರಿನ ಬೋಲ್ಟುಗಳಿರುವಂತಹ ಮರೆಯ ಸ್ಥಳಗಳಲ್ಲಿ ಅಧಿಕ. ಆದುದರಿಂದ ಹೊಸ ಬಂಪರನ್ನು ಕೂರಿಸುವುದಕ್ಕಿಂತ ಹಳೆಯದನ್ನು ಬಿಡಿಸುವುದರಲ್ಲಿಯೇ ಕೌಶಲದ ನಿಜವಾದ ಪರೀಕ್ಷೆ. ಮೆಕ್ಯಾನಿಕ್ ಬಲಪ್ರಯೋಗಕ್ಕೆ ತೊಡಗಲಿಲ್ಲ. ತಂತಿಯ ಬ್ರಷ್ಷಿನಿಂದ ಬೋಲ್ಟಿನ ತುಕ್ಕನ್ನು ಉಜ್ಜಿ, ತುಕ್ಕು ಸಡಿಲಿಸುವ ಎಣ್ಣೆಯನ್ನು ಸಿಂಪಡಿಸಿ, ಅದು ಒಳಗಿಳಿಯುವವರೆಗೆ ಕಾದು, ಬಳಿಕ ಸ್ಪಾನರನ್ನು ತುಸು ಬಿಗಿಯುವ ದಿಕ್ಕಿಗೂ ತುಸು ಬಿಚ್ಚುವ ದಿಕ್ಕಿಗೂ ತಿರುಗಿಸುತ್ತ, ಮುರಿದುಹೋಗಬಹುದಾಗಿದ್ದ ಬೋಲ್ಟನ್ನು ಅಖಂಡವಾಗಿ ಹೊರತೆಗೆದರು. ಆ ತಾಳ್ಮೆ ನನಗೆ ಪರಮಾದರಣೀಯವಾಗಿ ಕಂಡಿತು.

ಚಾಸಿಯ ತುದಿಯ ತುಕ್ಕನ್ನು ಕೆರೆದು, ಬಳಿದ ಪ್ರೈಮರ್ ಒಣಗಿದ ಮೇಲೆ, ಹೊಸ ಬಂಪರಿನ ಎಲ್ಲ ಬೋಲ್ಟುಗಳನ್ನೂ ಮೊದಲು ಕೈಯಿಂದಲೇ ಸಡಿಲವಾಗಿ ತೊಡಿಸಿ, ಎರಡೂ ಪಾರ್ಶ್ವಗಳ ಸಂದನ್ನು ಸಮವಾಗಿಸಿದ ಅನಂತರವೇ ಅವರು ಬಿಗಿದರು. ಒಂದು ಬದಿಯನ್ನು ಮೊದಲೇ ಬಿಗಿದುಬಿಟ್ಟರೆ ಮತ್ತೊಂದು ಬದಿಯ ರಂಧ್ರಗಳು ಕೂಡಿಬರುವುದು ಕಷ್ಟ.