ಚುಕ್ಕೆಯೊಳಗಿನ ಏರಿಳಿತ
ಸೂರ್ಯನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕುಗ್ಗುತ್ತವೆ ಎಂಬುದು 19ನೇ ಶತಮಾನದಲ್ಲೇ ಗೊತ್ತಾಗಿತ್ತು. ಬೇರೆ ನಕ್ಷತ್ರಗಳದ್ದು? ದೂರದರ್ಶಕದಲ್ಲೂ ಅವು ಬರೀ ಚುಕ್ಕೆ. ಅದರ ಮೇಲಿನ ಕಲೆ ಕಾಣುವುದುಂಟೆ!

ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ವೀಕ್ಷಣಾಲಯದ ಓಲಿನ್ ವಿಲ್ಸನ್ (ಬೆಟ್ಟಕ್ಕೆ ಹೆಸರು ಬಂದದ್ದು ಇವರಿಂದಲ್ಲ) ಕಲೆಗಳ ಗೊಡವೆಗೇ ಹೋಗಲಿಲ್ಲ. ಕಲೆಗಳು ಮೂಡುವುದು ಕಾಂತಕ್ಷೇತ್ರದಿಂದ; ಆ ಕ್ಷೇತ್ರ ಬಲವಾಗಿರುವ ಕಡೆ ನಕ್ಷತ್ರದ ವರ್ಣಗೋಳ ಎಂಬ ಹೊರಪದರವೂ ಹೆಚ್ಚು ಕಾಯುತ್ತದೆ. ಆಗ ರೋಹಿತದಲ್ಲಿ ಕ್ಯಾಲ್ಸಿಯಂನ ಎಚ್ ಮತ್ತು ಕೆ ಎಂಬ ಕಪ್ಪು ಗೆರೆಗಳ ನಟ್ಟನಡುವೆ ತುಸು ಬೆಳಕು ಮೂಡುತ್ತದೆ. 1966ರಿಂದ ಅವರು ಸುಮಾರು 90 ನಕ್ಷತ್ರಗಳ ಆ ಬೆಳಕನ್ನಷ್ಟೇ ಅಳೆಯುತ್ತ ಹೋದರು. ಒಂದು ಚಕ್ರ ಮುಗಿಯಲು ಹತ್ತು ವರ್ಷವೇ ಬೇಕಾಗಬಹುದು ಎಂದು ತಿಳಿದೂ ಇಂಥ ಕೆಲಸಕ್ಕೆ ಕೈಹಾಕಿದ ಎದೆಗಾರಿಕೆ ನನಗೆ ಆ ಜಾಣ್ಮೆಗಿಂತ ದೊಡ್ಡದೆನಿಸುತ್ತದೆ.

1978ರಲ್ಲಿ ಫಲಿತಾಂಶ ಪ್ರಕಟವಾಯಿತು. ಹಂಸ ಪುಂಜದ 61 ಸಿಗ್ನಿ ಎ ನಕ್ಷತ್ರದ ಚಕ್ರ ಸುಮಾರು 7 ವರ್ಷದ್ದು. ಕೆಲವು ನಕ್ಷತ್ರಗಳು ಅಲುಗದೆ ಇದ್ದವು. ಎಳೆಯವು ಲಯವಿಲ್ಲದೆ ಕುಣಿಯುತ್ತಿದ್ದವು. ವಿಲ್ಸನ್ ಬಿಟ್ಟಲ್ಲಿಂದ ಇತರರು 2003ರವರೆಗೂ ಮುಂದುವರಿಸಿದರು.

ಅದೇ ಕೆ ಗೆರೆಯಲ್ಲಿ ಕೊಡೈಕೆನಾಲ್ ವೀಕ್ಷಣಾಲಯ 20ನೇ ಶತಮಾನದ ಆರಂಭದಿಂದ ಸೂರ್ಯನ ಚಿತ್ರ ತೆಗೆದಿಟ್ಟಿದೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಆ ಗಾಜಿನ ಫಲಕಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ.